ಶನಿವಾರದ ನೈಂಟಿ, ಭಾನುವಾರದ ಹತ್ತು ಕಿಲೋಮೀಟರ್

ಬೆಂಗಳೂರಿನ ಬಾರುಗಳು ಬಾಗಿಲು ಹಾಕಲು ರಾತ್ರಿ ಒಂದು ಗಂಟೆಯ ಗಡುವು. 2008ರಲ್ಲಿ ಆರಂಭವಾದ ವರ್ಲ್ಡ್ 10ಕೆಯಂಥ ದೊಡ್ಡ ಓಟಗಳು ಶುರುವಾಗುವುದು ಭಾನುವಾರ ನಸುಕಿನಲ್ಲಿ, ಬಿಸಿಲೇರುವ ಮೊದಲು. ನಡುವೆ ಉಳಿಯುವುದು ನಾಲ್ಕೈದು ಗಂಟೆ. ತಿಂಗಳುಗಟ್ಟಲೆ ಅಭ್ಯಾಸ ಮಾಡಿ, ಫೀಸು ಕಟ್ಟಿ, ಎದೆಗೆ ಚುಚ್ಚುವ ಓಟದ ನಂಬರ್ ಚೀಟಿ, ಅಂದರೆ ಬಿಬ್ ತಂದು ಮೇಜಿನ ಮೇಲಿಟ್ಟಿರುತ್ತಾರೆ. ಅದೇ ರಾತ್ರಿ ಯಾರದೋ ಬೀಳ್ಕೊಡುಗೆ, ಇನ್ಯಾರದೋ ಹುಟ್ಟುಹಬ್ಬ. ಬೆಳಗ್ಗೆ ಎದ್ದಾಗ ಓಡುವುದೋ ಬಿಡುವುದೋ ಎಂಬುದನ್ನು ಹೆಚ್ಚಿನವರು ತಲೆನೋವು ಇದೆಯೇ ಇಲ್ಲವೇ ಎಂದು ನೋಡಿ ತೀರ್ಮಾನಿಸುತ್ತಾರೆ. ತಲೆನೋವಿಗಿಂತ ಗಡಿಯಾರ ಹೆಚ್ಚು ನಿಜ ಹೇಳುತ್ತದೆ.

ಲೆಕ್ಕಕ್ಕೆ ನಮ್ಮ ಬಾರುಗಳ ಅಳತೆಯೇ ಸಾಕು. ಇಲ್ಲಿ ಸಿಗುವ ವಿಸ್ಕಿ, ಬ್ರಾಂದಿ, ರಮ್ಮುಗಳಲ್ಲಿ ಸಾಮಾನ್ಯವಾಗಿ ಶೇ. 42.8ರಷ್ಟು ಆಲ್ಕೋಹಾಲ್ ಇರುತ್ತದೆ. ಒಂದು ನೈಂಟಿ, ಅಂದರೆ 90 ಮಿಲಿ. ಅದರಲ್ಲಿ 38.5 ಮಿಲಿ ಶುದ್ಧ ಎಥನಾಲ್. ತೂಕದಲ್ಲಿ ಸುಮಾರು 30 ಗ್ರಾಂ. ಕ್ವಾರ್ಟರ್ ಎಂದರೆ ಎರಡು ನೈಂಟಿ, 60 ಗ್ರಾಂ. ಶೇ. 7.5ರ ಸ್ಟ್ರಾಂಗ್ ಬಿಯರಿನ 650 ಮಿಲಿ ಬಾಟಲಿಯಲ್ಲಿ 38 ಗ್ರಾಂ ಇರುತ್ತದೆ. 'ನಾನು ಹಾಟ್ ಮುಟ್ಟಲ್ಲ, ಬರೀ ಬಿಯರ್' ಎನ್ನುವವರು ಈ ಸಂಖ್ಯೆಯನ್ನು ಇನ್ನೊಮ್ಮೆ ಓದುವುದು ಒಳ್ಳೆಯದು.

ದೇಹಕ್ಕೆ ಸೇರಿದ ಎಥನಾಲ್ ರಕ್ತದಲ್ಲಿ ಎಷ್ಟಾಗುತ್ತದೆ ಎಂಬುದಕ್ಕೆ ಸ್ವೀಡನ್ನಿನ ಎರಿಕ್ ವಿಡ್‌ಮಾರ್ಕ್ 1932ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ಬಳಕೆಯಲ್ಲಿದೆ. ಗಂಡಸರಲ್ಲಿ ದೇಹದ ತೂಕವನ್ನು 0.68ರಿಂದ, ಹೆಂಗಸರಲ್ಲಿ 0.55ರಿಂದ ಗುಣಿಸಿ, ಕುಡಿದ ಗ್ರಾಮುಗಳನ್ನು ಅದರಿಂದ ಭಾಗಿಸಬೇಕು. ಬಂದದ್ದನ್ನು ನೂರರಿಂದ ಗುಣಿಸಿದರೆ 100 ಮಿಲಿ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಎಂದು ಸಿಗುತ್ತದೆ. 70 ಕಿಲೋ ತೂಕದ ಗಂಡಸಿಗೆ ಒಂದು ನೈಂಟಿಯೆಂದರೆ 100 ಮಿಲಿ ರಕ್ತಕ್ಕೆ ಹೆಚ್ಚುಕಮ್ಮಿ 64 ಮಿಲಿಗ್ರಾಂ. ಇದು ಗಂಟೆಗೆ ಸುಮಾರು 15 ಮಿಲಿಗ್ರಾಮಿನಂತೆ ಇಳಿಯುತ್ತದೆ. ಕೆಲವರಲ್ಲಿ 10, ಕೆಲವರಲ್ಲಿ 20. ಹಾಗಾಗಿ ಒಂದು ನೈಂಟಿ ಪೂರ್ತಿ ಇಳಿಯಲು ನಾಲ್ಕು ಗಂಟೆ ಮೇಲೆ ಹದಿನೈದು ನಿಮಿಷ. ರಾತ್ರಿ ಒಂಬತ್ತಕ್ಕೆ ಶುರು ಮಾಡಿ ಎರಡು ನೈಂಟಿ ಮುಗಿಸಿದವರಿಗೆ ರಕ್ತ ತಿಳಿಯಾಗುವುದು ಬೆಳಗಿನ ಐದೂವರೆಗೆ. ಮೂರು ನೈಂಟಿಗೆ, ಬೆಳಗ್ಗೆ ಹತ್ತರ ಸುಮಾರಿಗೆ. ಅವರು ಐದು ಗಂಟೆಗೆ ಸ್ಕೂಟರ್ ಹತ್ತಿ ಓಟದ ಮೈದಾನಕ್ಕೆ ಹೊರಟರೆ ರಕ್ತದಲ್ಲಿ 70 ಮಿಲಿಗ್ರಾಂ ದಾಟಿರುತ್ತದೆ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಮಿತಿ 30. ಓಟದ ಮಾತು ಆಮೇಲೆ. 55 ಕಿಲೋ ತೂಕದ ಹೆಣ್ಣಿಗೆ ಎರಡೇ ನೈಂಟಿ ಇಳಿಯಲು ಹನ್ನೊಂದರಿಂದ ಹದಿಮೂರು ಗಂಟೆ ಹಿಡಿಯಬಹುದು.

ಈ ಇಳಿತವನ್ನು ಅವಸರಪಡಿಸಲು ದಾರಿಯಿಲ್ಲ. ಎಥನಾಲಿನ ಶೇ. 90ಕ್ಕೂ ಹೆಚ್ಚು ಭಾಗವನ್ನು ಪಿತ್ತಜನಕಾಂಗವೇ, ಅಂದರೆ ಲಿವರ್ರೇ ಒಡೆಯಬೇಕು. ಆ ಕೆಲಸದ ಕಿಣ್ವ ಬಹುಬೇಗ ತನ್ನ ಗರಿಷ್ಠ ವೇಗ ಮುಟ್ಟಿಬಿಡುತ್ತದೆ. ಒಂದೇ ಕೌಂಟರಿನ ರೇಷನ್ ಅಂಗಡಿಯಂತೆ: ಸಾಲು ಎಷ್ಟೇ ಉದ್ದವಾದರೂ ಚೀಲ ತುಂಬುವ ಕೈ ಎರಡೇ. ಉಸಿರು, ಮೂತ್ರ, ಬೆವರು ಮೂರೂ ಸೇರಿ ಹೊರಹಾಕುವುದು ಉಳಿದ ಚೂರುಪಾರು. 'ಬೆವರು ಹರಿಸಿದರೆ ಇಳಿಯುತ್ತೆ' ಎಂಬ ಮಾತಿಗೆ ಬುಡವಿಲ್ಲ. ಕಾಫಿಯೂ ಇಳಿಸುವುದಿಲ್ಲ; ಅಮಲಿರುವವನನ್ನು ಎಚ್ಚರವಾಗಿ ಇಡುತ್ತದೆ, ಅಷ್ಟೆ. ಬೆಳಗ್ಗೆ ಇನ್ನೊಂದು ಸಣ್ಣ ಪೆಗ್ ಹಾಕಿದರೆ ತಲೆ ಹಗುರಾಗುವುದು ನಿಜ. ಆದರೆ ಅದು ಸಾಲಿನ ತುದಿಗೆ ಇನ್ನೊಬ್ಬರನ್ನು ನಿಲ್ಲಿಸಿದಂತೆ.

ಹಾಗಾದರೆ ಓಡುವ ದೇಹದೊಳಗೆ ಏನಾಗುತ್ತದೆ? ಎಲ್ಲರೂ ಮೊದಲು ಹೇಳುವುದು ನೀರಿನ ಕೊರತೆ. ಮೂತ್ರವನ್ನು ತಡೆಹಿಡಿಯುವ ವಾಸೊಪ್ರೆಸ್ಸಿನ್ ಎಂಬ ಹಾರ್ಮೋನನ್ನು ಆಲ್ಕೋಹಾಲ್ ಅದುಮುತ್ತದೆ. ಒಂದು ಗ್ರಾಮಿಗೆ ಸುಮಾರು 10 ಮಿಲಿ ಹೆಚ್ಚುವರಿ ಮೂತ್ರ. ಕ್ವಾರ್ಟರಿಗೆ 600 ಮಿಲಿ ಆಯಿತು. ಓಟದ ಶಕ್ತಿ ಕುಂದುವುದು ದೇಹದ ತೂಕದ ಶೇ. 2ರಷ್ಟು ನೀರು ಹೋದಾಗ, ಅಂದರೆ 70 ಕಿಲೋದವರಿಗೆ 1.4 ಲೀಟರ್. ಆದ್ದರಿಂದ ನೀರಿನ ಮೇಲೆ ಹೊರಿಸುವ ಅಪವಾದ ಸ್ವಲ್ಪ ಜಾಸ್ತಿಯೇ. ಬಾಯಾರಿಕೆ ಲೋಟ ಎತ್ತಿದರೆ ಹೋಗುತ್ತದೆ. ಸಕ್ಕರೆಯ ಕಥೆ ಅಷ್ಟು ಸುಲಭದ್ದಲ್ಲ.

ಪಿತ್ತಜನಕಾಂಗದಲ್ಲಿ ಗ್ಲೈಕೋಜನ್ ರೂಪದಲ್ಲಿ ಇರುವ ಸಕ್ಕರೆಯ ದಾಸ್ತಾನು ಸುಮಾರು 100 ಗ್ರಾಂ. ಮಲಗಿದ್ದಾಗಲೂ ಮಿದುಳಿಗೆ ಗಂಟೆಗೆ ಐದು ಗ್ರಾಮಿನಷ್ಟು ಬೇಕು. ಬೆಳಗಿನ ಹೊತ್ತಿಗೆ ಉಗ್ರಾಣ ಅರ್ಧ ಖಾಲಿ. ಮಾಮೂಲಿ ದಿನವಾದರೆ ಚಿಂತೆಯಿಲ್ಲ, ಏಕೆಂದರೆ ಪಿತ್ತಜನಕಾಂಗ ಲ್ಯಾಕ್ಟೇಟ್, ಅಮೈನೋ ಆಮ್ಲ, ಗ್ಲಿಸರಾಲುಗಳಿಂದ ಹೊಸ ಗ್ಲುಕೋಸ್ ತಯಾರಿಸಿಕೊಳ್ಳುತ್ತದೆ. ಎಥನಾಲ್ ಒಡೆಯುವಾಗ ಎನ್‌ಎಡಿ ಎಂಬ ಸಹಕಿಣ್ವ ದೊಡ್ಡ ಪ್ರಮಾಣದಲ್ಲಿ ಎನ್‌ಎಡಿಎಚ್ ಆಗಿ ಬದಲಾಗುತ್ತದೆ. ಅದರ ರಾಶಿ ಹೆಚ್ಚಿದಂತೆ ಗ್ಲುಕೋಸ್ ಆಗಬೇಕಿದ್ದ ಪೈರುವೇಟ್ ಹಿಂದಕ್ಕೆ, ಲ್ಯಾಕ್ಟೇಟಿನತ್ತ ಸರಿಯುತ್ತದೆ. ಹೊಸ ಸಕ್ಕರೆಯ ಉತ್ಪಾದನೆ ನಿಧಾನವಾಗುವುದು ಹೀಗೆ. ಇತ್ತ ಹತ್ತು ಕಿಲೋಮೀಟರ್ ಓಟಕ್ಕೆ 70 ಕಿಲೋದವರು ಸುಮಾರು 700 ಕಿಲೋಕ್ಯಾಲೊರಿ ಸುಡಬೇಕು. ಹಿಂದಿನ ರಾತ್ರಿ ಮಸಾಲೆ ಕಡಲೆಕಾಯಿ, ಕಬಾಬಿನಲ್ಲೇ ಊಟ ಮುಗಿಸಿ ಅನ್ನ, ಚಪಾತಿ ಮುಟ್ಟದವರಿಗೆ ಏಳನೇ ಕಿಲೋಮೀಟರಿನಲ್ಲಿ ತಣ್ಣನೆ ಬೆವರು, ಕೈನಡುಕ, ಕಣ್ಣು ಕತ್ತಲಿಟ್ಟಂತಾಗುವುದು ಇದರಿಂದಲೇ ಇರಬಹುದು. ಇನ್ಸುಲಿನ್ ತೆಗೆದುಕೊಳ್ಳುವ ಮಧುಮೇಹಿಗಳು ಇಂಥ ಬೆಳಗ್ಗೆ ಓಡಲೇಬಾರದು.

ನಿದ್ದೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕುಡಿದವರು ಬೇಗ ನಿದ್ದೆ ಹೋಗುತ್ತಾರೆ, ಮೊದಲರ್ಧ ಗಾಢವಾಗಿಯೇ ಇರುತ್ತದೆ. ರಕ್ತದಲ್ಲಿ ಎಥನಾಲ್ ಇಳಿದಂತೆ ಎರಡನೆಯರ್ಧ ತುಂಡುತುಂಡಾಗುತ್ತದೆ, ಎದೆಬಡಿತ ರಾತ್ರಿಯಿಡೀ ಏರಿಯೇ ಇರುತ್ತದೆ. ಹೃದಯಕ್ಕೆ ಇದು ಬರೀ ಆಯಾಸವಲ್ಲ. ವಾರಾಂತ್ಯದಲ್ಲಿ, ಹಬ್ಬದ ದಿನಗಳಲ್ಲಿ ಹೆಚ್ಚು ಕುಡಿದು ಅಡ್ಡಾದಿಡ್ಡಿ ಬಡಿತದೊಂದಿಗೆ ಆಸ್ಪತ್ರೆಗೆ ಬಂದವರನ್ನು ಗಮನಿಸಿ ಅಮೆರಿಕದ ವೈದ್ಯ ಫಿಲಿಪ್ ಎಟಿಂಜರ್ ಮತ್ತು ಸಂಗಡಿಗರು 1978ರಲ್ಲಿ ಅದಕ್ಕೆ 'ಹಾಲಿಡೇ ಹಾರ್ಟ್' ಎಂದು ಹೆಸರಿಟ್ಟರು. ಹೃದಯರೋಗದ ಬೇರೆ ಚಿಹ್ನೆ ಇಲ್ಲದವರಲ್ಲೂ ಹೃತ್ಕರ್ಣಗಳು, ಅಂದರೆ ಹೃದಯದ ಮೇಲಿನ ಎರಡು ಕೋಣೆಗಳು, ಹೀಗೆ ತಾಳ ತಪ್ಪಬಹುದು. ಆ ಹೃದಯವನ್ನೇ ಮರುಬೆಳಗ್ಗೆ ನಿಮಿಷಕ್ಕೆ 170 ಬಡಿತದವರೆಗೆ ಓಡಿಸುವುದು ಜಾಣತನವಲ್ಲ.

ಎದ್ದ ಕೂಡಲೇ ಮಾಡಬಹುದಾದ ಪರೀಕ್ಷೆಗೆ ಐದು ನಿಮಿಷ ಸಾಕು. ಮಲಗಿದಲ್ಲೇ ಒಂದು ನಿಮಿಷ ನಾಡಿ ಎಣಿಸಿ. ಎದ್ದು ನಿಂತು, ಎರಡು ನಿಮಿಷ ಬಿಟ್ಟು ಮತ್ತೆ ಎಣಿಸಿ. ನಿಂತಾಗ ನಾಡಿ 30ಕ್ಕಿಂತ ಹೆಚ್ಚು ಏರಿದರೆ, ಅಥವಾ ತಲೆ ಸುತ್ತಿದರೆ, ರಕ್ತದ ಪ್ರಮಾಣ ಕಮ್ಮಿಯಾಗಿದೆ ಎಂದೇ ತಿಳಿಯಬೇಕು, ಅವತ್ತು ಓಟವಿಲ್ಲ. ನಾಡಿ ಲಯ ತಪ್ಪಿ ಬಡಿಯುತ್ತಿದ್ದರೆ, ವಾಂತಿ ನಿಂತಿಲ್ಲದಿದ್ದರೆ, ಮೇಲಿನ ಲೆಕ್ಕದ ಪ್ರಕಾರ ರಕ್ತ ಇನ್ನೂ ತಿಳಿಯಾಗಿಲ್ಲದಿದ್ದರೆ ಕೂಡ ಇಲ್ಲ. ಮೋಸ ಮಾಡುವುದು ಈ ಕೊನೆಯದೇ. ಅಮಲು ಉಳಿದಿರುವಾಗ ತಲೆನೋವು ಇನ್ನೂ ಬಂದಿರುವುದಿಲ್ಲ. ಹ್ಯಾಂಗೋವರ್ ಮೇಲೇರುವುದು ರಕ್ತದ ಎಥನಾಲ್ ಸೊನ್ನೆಯ ಹತ್ತಿರ ಬಂದಾಗ. 'ಎಷ್ಟು ಚೆನ್ನಾಗಿದೀನಿ ನೋಡು' ಎಂದು ಹೊರಟವರಿಗೆ ಅದು ನಡುದಾರಿಯಲ್ಲಿ ಸಿಗುತ್ತದೆ.

ಪರೀಕ್ಷೆ ದಾಟಿದವರಿಗೆ ತಯಾರಿ ಹೀಗೆ. ಓಟಕ್ಕೆ ಎರಡು ಗಂಟೆ ಮುಂಚೆ ಅರ್ಧ ಲೀಟರ್ ಓಆರ್‌ಎಸ್ ದ್ರಾವಣವನ್ನು ಗುಟುಕು ಗುಟುಕಾಗಿ ಕುಡಿಯಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ 20.5 ಗ್ರಾಂ ಪೊಟ್ಟಣ ಒಂದು ಲೀಟರ್ ನೀರಿಗೆ ಅಳೆದದ್ದು. ಅವಸರಕ್ಕೆ ಒಂದೇ ಲೋಟದಲ್ಲಿ ಕದಡಿದರೆ ಅಷ್ಟು ಸಾಂದ್ರವಾದ ಉಪ್ಪು ಹೊಟ್ಟೆ ತೊಳಸುತ್ತದೆ. ಪೊಟ್ಟಣ ಇಲ್ಲವೆಂದರೆ ಉಪ್ಪು ಹಾಕಿದ ನೀರುಮಜ್ಜಿಗೆಯೂ ನಡೆಯುತ್ತದೆ. ಒಂದೂವರೆ ಗಂಟೆ ಮೊದಲು ಒಂದು ಬಾಳೆಹಣ್ಣು ಮತ್ತು ಜಾಮ್ ಸವರಿದ ಎರಡು ಬ್ರೆಡ್ಡು. 50-60 ಗ್ರಾಂ ಶರ್ಕರಪಿಷ್ಟ ಸಿಗುತ್ತದೆ. ಎಣ್ಣೆ ಪದಾರ್ಥ ಬೇಡ. ಹೊಟ್ಟೆಯ ಒಳಪದರ ಆಗಲೇ ಕೆರಳಿರುತ್ತದೆ. ಅದೇ ಕಾರಣಕ್ಕೆ ಐಬುಪ್ರೊಫೆನ್, ಡೈಕ್ಲೋಫೆನಾಕಿನಂಥ ನೋವಿನ ಮಾತ್ರೆಗಳೂ ಬೇಡ. ಅವು ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚಿಸುವುದಲ್ಲದೆ, ನೀರು ಕಮ್ಮಿಯಿರುವಾಗ ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನೂ ಇಳಿಸುತ್ತವೆ. ಪ್ಯಾರಾಸಿಟಮಾಲ್ ನಿರಪಾಯಕಾರಿ ಎಂದು ನಂಬಿ ನುಂಗುವವರು ಅದನ್ನು ಒಡೆಯುವುದೂ ಆ ಪಿತ್ತಜನಕಾಂಗವೇ ಎಂಬುದನ್ನು ಮರೆಯುತ್ತಾರೆ.

ಓಟದಲ್ಲಿ ಸಮಯದ ಗುರಿಯನ್ನು ಬಿಟ್ಟುಬಿಡುವುದು ವಾಸಿ. ಕಿಲೋಮೀಟರಿಗೆ ಅರ್ಧದಿಂದ ಒಂದು ನಿಮಿಷ ನಿಧಾನ, ಪಕ್ಕದವರೊಡನೆ ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟು ಉಸಿರು. ನೀರಿನ ಮೇಜುಗಳಲ್ಲಿ ಬಾಯಾರಿಕೆ ಇದ್ದರೆ ಒಂದು ಲೋಟ. ರಾತ್ರಿಯ ಪಾಪ ತೊಳೆಯುವವರಂತೆ ಪ್ರತಿ ಮೇಜಿನಲ್ಲೂ ಹೊಟ್ಟೆ ತುಂಬಾ ಕುಡಿದರೆ ರಕ್ತದ ಸೋಡಿಯಂ ಅಂಶ ತಗ್ಗುತ್ತದೆ. 2002ರ ಬೋಸ್ಟನ್ ಮ್ಯಾರಥಾನಿನಲ್ಲಿ ಪರೀಕ್ಷಿಸಿದ 488 ಓಟಗಾರರಲ್ಲಿ ಶೇ. 13 ಮಂದಿಗೆ ಹೀಗಾಗಿತ್ತು. ಬಿಸಿಲಿನಲ್ಲಿ ಮೈ ಜುಮ್ಮೆಂದು ರೋಮ ನಿಂತರೆ, ಎದೆ ಹಿಡಿದಂತಾದರೆ, ಹೆಜ್ಜೆ ಓಲಾಡಿದರೆ ನಿಲ್ಲಬೇಕು. ನಡೆದು ಮುಗಿಸುತ್ತೇನೆ ಎನ್ನದೆ ವೈದ್ಯರ ಟೆಂಟಿಗೆ ಹೋಗಬೇಕು. ಎಷ್ಟು ಕುಡಿದದ್ದು ಎಂದು ಅಲ್ಲಿ ಮುಚ್ಚಿಡಬಾರದು. ಕುಸಿದವನಿಗೆ ಸಕ್ಕರೆ ಇಳಿದು ಗ್ಲುಕೋಸ್ ಬೇಕೋ, ಮೈ ಕಾದು ಮಂಜುಗಡ್ಡೆ ಬೇಕೋ ಎಂದು ತೀರ್ಮಾನಿಸಲು ಅವರಿಗೆ ಅದೂ ಒಂದು ಸುಳಿವು.

ಓಟಗಾರನಿಗೆ ಕುಡಿಸಿಯೇ ಓಡಿಸಿದ ಕಾಲವೊಂದಿತ್ತು. 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ ಥಾಮಸ್ ಹಿಕ್ಸ್‌ಗೆ ಸಹಾಯಕರು ದಾರಿಯಲ್ಲಿ ಸ್ಟ್ರಿಕ್ನಿನ್, ಮೊಟ್ಟೆಯ ಬಿಳಿಭಾಗ, ಬ್ರಾಂದಿ ಕುಡಿಸಿದರು. ಉರಿಬಿಸಿಲಲ್ಲಿ ಅವರು ಚಿನ್ನ ಗೆದ್ದದ್ದು 3 ಗಂಟೆ 28 ನಿಮಿಷಕ್ಕೆ, ಕೊನೆಯಲ್ಲಿ ಸಹಾಯಕರ ಆಸರೆಯಲ್ಲಿ. 32 ಮಂದಿಯಲ್ಲಿ ಗುರಿ ಮುಟ್ಟಿದವರು 14.

'ಓಟ ಮುಗೀಲಿ, ಆಮೇಲೆ ಕುಡಿಯೋಣ' ಎಂಬ ಪಕ್ಷದವರಿಗೂ ಒಂದು ಅಳತೆ ಸಿಕ್ಕಿದೆ. 2014ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಎಂಟು ಗಂಡಸರಿಗೆ ಕಠಿಣ ವ್ಯಾಯಾಮದ ನಂತರ ದೇಹದ ತೂಕದ ಪ್ರತಿ ಕಿಲೋಗೆ 1.5 ಗ್ರಾಮಿನಂತೆ ಆಲ್ಕೋಹಾಲ್ ಕೊಟ್ಟು ನೋಡಿದರು. ಜೊತೆಗೆ ಪ್ರೋಟೀನ್ ತಿಂದಿದ್ದರೂ ಸ್ನಾಯುಗಳು ಹೊಸ ಪ್ರೋಟೀನ್ ಕಟ್ಟುವ ವೇಗ ಶೇ. 24 ಇಳಿಯಿತು. 70 ಕಿಲೋದವರಿಗೆ ಅದು ಮೂರೂವರೆ ನೈಂಟಿ.