ಟೀಮ್‌ನವರ ಕೆಲಸವನ್ನು ರಾತ್ರಿ ಕೂತು ತಿದ್ದಬೇಡಿ

ಹೊಸದಾಗಿ ಟೀಮ್ ಲೀಡ್ ಆದವರು ತರಬೇತಿಗೆ ಬಂದಾಗ ನಾನು ಒಂದು ಪ್ರಶ್ನೆಯನ್ನು ತಪ್ಪದೇ ಕೇಳುತ್ತೇನೆ. "ಈ ವಾರ ಯಾರ್ಯಾರ ಕೆಲಸವನ್ನು ನೀವೇ ಕೂತು ಸರಿಮಾಡಿದಿರಿ?" ಸ್ವಲ್ಪ ಹೊತ್ತು ಯೋಚಿಸುತ್ತಾರೆ. ಆಮೇಲೆ ಒಂದೊಂದಾಗಿ ಹೊರಗೆ ಬರುತ್ತದೆ. ಒಬ್ಬರ ರಿಪೋರ್ಟ್, ಇನ್ನೊಬ್ಬರ ಲೆಕ್ಕದ ಶೀಟ್, ಮತ್ತೊಬ್ಬರು ಕ್ಲೈಂಟ್‌ಗೆ ಬರೆದ ಮೇಲ್. ಎಲ್ಲವೂ ರಾತ್ರಿ ಊಟ ಮುಗಿಸಿ ಲ್ಯಾಪ್‌ಟಾಪ್ ತೆರೆದು ಮಾಡಿದ್ದು. ಯಾಕೆ ಅಂತ ಕೇಳಿದರೆ, "ಪಾಪ, ಅವರು ಹೊಸಬರು. ಸುಮ್ನೆ ಯಾಕೆ ಟೆನ್ಶನ್ ಕೊಡೋದು?" ಅನ್ನುತ್ತಾರೆ.

ಒಳ್ಳೆಯ ಕಚೇರಿಗಳಲ್ಲೇ ಈ ಅಭ್ಯಾಸ ಜಾಸ್ತಿ. ಬಯ್ಯುವ ಬಾಸ್ ಇರುವ ಕಡೆ ಜನ ಹೆದರಿಕೆಯಿಂದ ಎಲ್ಲವನ್ನೂ ಮೈಮೇಲೆ ಹಾಕಿಕೊಳ್ಳುತ್ತಾರೆ. ಅಲ್ಲಿ ರೋಗ ಏನು ಅಂತ ಎಲ್ಲರಿಗೂ ಗೊತ್ತು. ಆದರೆ ಬೆನ್ನಿಗೆ ನಿಲ್ಲುವ ಮ್ಯಾನೇಜರ್ ಇರುವ ಕಡೆ ಜನ ಇದನ್ನು ಪ್ರೀತಿಯಿಂದ ಮಾಡುತ್ತಾರೆ. ತಮಗೆ ಸಿಕ್ಕ ಒಳ್ಳೆಯತನವನ್ನು ಟೀಮ್‌ಗೂ ಕೊಡುತ್ತಿದ್ದೇವೆ ಅಂದುಕೊಳ್ಳುತ್ತಾರೆ. ಕೆಲಸ ಸಮಯಕ್ಕೆ ಮುಗಿಯುತ್ತದೆ, ಯಾರೂ ದೂರು ಹೇಳುವುದಿಲ್ಲ. ಹಾಗಾಗಿ ತಿಂಗಳುಗಟ್ಟಲೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಅವರಿಗೆ ನಾನು ಮತ್ತೆ ಮತ್ತೆ ಹೇಳುವುದು ಇಷ್ಟೇ. ನಿಮ್ಮ ಮ್ಯಾನೇಜರ್ ನಿಮ್ಮ ಕೆಲಸವನ್ನು ತಾನೇ ಮಾಡಿ ನಿಮಗೆ ಬೆಂಬಲ ಕೊಟ್ಟರಾ? ಇಲ್ಲ ಅಲ್ವಾ? ಕೆಲಸವನ್ನು ನಿಮ್ಮ ಕೈಯಲ್ಲೇ ಬಿಟ್ಟು ಹತ್ತಿರದಲ್ಲಿ ನಿಂತರು. ತಪ್ಪಿದಾಗ ಎಲ್ಲಿ ತಪ್ಪಿತು ಅಂತ ಕೇಳಿದರು. ಮೇಲಿನವರ ಮುಂದೆ ನಿಮ್ಮನ್ನು ಬಿಟ್ಟುಕೊಡಲಿಲ್ಲ. ನೀವು ಬೆಳೆದದ್ದು ಅದರಿಂದ. ಈಗ ನೀವು ಟೀಮ್‌ಗೆ ಕೊಡುತ್ತಿರುವುದು ಬೇರೆಯೇ.

ತಿದ್ದಿದಾಗ ಏನಾಗುತ್ತದೆ ಅಂತ ನಿಧಾನವಾಗಿ ನೋಡೋಣ. ಇಲ್ಲಿಯೇ ಎಲ್ಲರೂ "ಗೊತ್ತು ಗೊತ್ತು" ಅಂದು ಮುಂದೆ ಹೋಗಿಬಿಡುತ್ತಾರೆ. ಜೂನಿಯರ್ ಒಬ್ಬರು ಸಂಜೆ ರಿಪೋರ್ಟ್ ಕಳಿಸುತ್ತಾರೆ. ಬೆಳಿಗ್ಗೆ ಬಂದು ನೋಡಿದರೆ ಅದು ಆಗಲೇ ಕ್ಲೈಂಟ್‌ಗೆ ಹೋಗಿದೆ, ಅರ್ಧಕ್ಕರ್ಧ ಬದಲಾಗಿದೆ. ತಾನು ಬರೆದದ್ದು ಸಾಲಲಿಲ್ಲ ಅನ್ನುವುದಷ್ಟೇ ಅವರಿಗೆ ಗೊತ್ತಾಗುತ್ತದೆ. ಯಾವುದು ಸಾಲಲಿಲ್ಲ, ಯಾಕೆ ಸಾಲಲಿಲ್ಲ ಅನ್ನುವುದು ಗೊತ್ತಾಗುವುದಿಲ್ಲ. ಕೇಳಲು ಸಂಕೋಚ. ಮುಂದಿನ ಸಲ ಸ್ವಲ್ಪ ಕಡಿಮೆ ಗಮನ ಕೊಟ್ಟು ಬರೆಯುತ್ತಾರೆ, ಹೇಗೂ ಬದಲಾಗುತ್ತದಲ್ಲ. ನೀವು ಇನ್ನಷ್ಟು ತಿದ್ದುತ್ತೀರಿ. ಕೆಲವು ತಿಂಗಳಾದ ಮೇಲೆ ನನ್ನ ಮುಂದೆ ಕೂತು, "ನನ್ನ ಟೀಮ್‌ನಲ್ಲಿ ಯಾರಿಗೂ ಜವಾಬ್ದಾರಿ ಇಲ್ಲ" ಅನ್ನುತ್ತೀರಿ. ಆ ಜವಾಬ್ದಾರಿಯನ್ನು ರಾತ್ರಿ ರಾತ್ರಿ ಎತ್ತಿಕೊಂಡು ಹೋದವರು ನೀವೇ.

"ಆದರೆ ನಾನು ಕಾಮೆಂಟ್ ಹಾಕಿಯೇ ತಿದ್ದುತ್ತೇನೆ" ಅನ್ನುವವರೂ ಇದ್ದಾರೆ. ಅದೂ ಸಾಲದು. ಪುಟದ ತುಂಬ ಕಾಮೆಂಟ್ ಇದ್ದರೆ ಓದುವವರು ಎಲ್ಲಕ್ಕೂ ಒಪ್ಪಿಗೆ ಒತ್ತಿ ಕಳಿಸಿಬಿಡುತ್ತಾರೆ. ತಿದ್ದುಪಡಿ ನೀವೇ ಬರೆದುಕೊಟ್ಟರೆ ಅವರಿಗೆ ಯೋಚಿಸುವ ಅಗತ್ಯವೇ ಬರುವುದಿಲ್ಲ. ಎರಡೇ ದೊಡ್ಡ ವಿಷಯ ಆರಿಸಿಕೊಳ್ಳಿ. "ಇದನ್ನು ಓದುವವರು ಮೊದಲು ಏನು ತಿಳಿಯಬೇಕು? ಅದು ಮೂರನೇ ಪುಟದಲ್ಲಿದೆ" ಅಂತ ಹೇಳಿ ವಾಪಸ್ ಕೊಡಿ. ಹೇಗೆ ಸರಿಮಾಡುವುದು ಅಂತ ಅವರು ನೋಡಿಕೊಳ್ಳಲಿ. ನಿಮ್ಮ ಶೈಲಿ ಅಲ್ಲ ಅನ್ನುವ ಒಂದೇ ಕಾರಣಕ್ಕೆ ಬದಲಾಯಿಸುವುದನ್ನಂತೂ ಪೂರ್ತಿ ಬಿಟ್ಟುಬಿಡಿ.

ಟೈಮ್ ಇಲ್ಲ ಅನ್ನುವುದು ನಿಜವಾದ ಕಷ್ಟ, ಒಪ್ಪುತ್ತೇನೆ. ನೀವು ಕೊನೆಯ ದಿನ ನೋಡುವುದರಿಂದಲೇ ಟೈಮ್ ಇರುವುದಿಲ್ಲ. ಕೆಲಸ ಮೂರರಲ್ಲಿ ಒಂದು ಪಾಲು ಆದಾಗ ಹದಿನೈದು ನಿಮಿಷ ಕೂತು ನೋಡಿ. ಆಗ ದಿಕ್ಕು ತಪ್ಪಿದ್ದರೂ ಅವರೇ ತಿರುಗಿಸಿಕೊಳ್ಳಬಹುದು.

ಇಷ್ಟು ಬುದ್ಧಿವಂತರು ಹೀಗೇಕೆ ಮಾಡುತ್ತಾರೆ? ಅವರಿಗೆ ಪ್ರಮೋಷನ್ ಸಿಕ್ಕಿದ್ದೇ ಆ ಕೆಲಸವನ್ನು ಚೆನ್ನಾಗಿ ಮಾಡುತ್ತಿದ್ದರು ಅಂತ. ಅಲನ್ ಬೆನ್ಸನ್, ಡ್ಯಾನಿಯೆಲ್ ಲೀ, ಕೆಲ್ಲಿ ಶೂ ಎಂಬ ಸಂಶೋಧಕರು ಅಮೆರಿಕದ ಕಂಪನಿಗಳ ಸೇಲ್ಸ್ ವಿಭಾಗಗಳನ್ನು ನೋಡಿ 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಜಾಸ್ತಿ ಮಾರಿದವರಿಗೇ ಪ್ರಮೋಷನ್ ಸಿಗುವ ಸಾಧ್ಯತೆ ಹೆಚ್ಚಿತ್ತು. ಆದರೆ ಹಾಗೆ ಮೇಲೆ ಬಂದವರ ಕೈಕೆಳಗಿನವರ ಮಾರಾಟ ಇಳಿಯುವ ಕಡೆಗೇ ವಾಲಿತ್ತು. ಬೇರೆಯವರ ಜೊತೆ ಸೇರಿ ಮಾರಾಟ ಮಾಡಿ ಅನುಭವ ಇದ್ದವರು ಉತ್ತಮ ಮ್ಯಾನೇಜರ್ ಆಗಿದ್ದರು. ಸೇಲ್ಸ್‌ನ ಮಾತು ಎಲ್ಲ ಕೆಲಸಕ್ಕೂ ಹಾಗೇ ಹೊಂದುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ನನ್ನ ಮುಂದೆ ಕೂರುವವರಲ್ಲಿ ಅದೇ ಚಹರೆ ಕಾಣುತ್ತದೆ. ಗೂಗಲ್ ಕೂಡ 2008ರಲ್ಲಿ ಶುರುಮಾಡಿದ ಪ್ರಾಜೆಕ್ಟ್ ಆಕ್ಸಿಜನ್ ಎಂಬ ಅಧ್ಯಯನದಲ್ಲಿ ಒಳ್ಳೆಯ ಮ್ಯಾನೇಜರ್‌ಗಳ ಎಂಟು ಗುಣಗಳನ್ನು ಪಟ್ಟಿ ಮಾಡಿತು. ಮೊದಲು ಬಂದದ್ದು ಒಳ್ಳೆಯ ಕೋಚ್ ಆಗಿರುವುದು. ತಾಂತ್ರಿಕ ಜಾಣ್ಮೆ ಎಂಟನೆಯದು. ಅದು ಬೇಡ ಅಂತಲ್ಲ, ಪಟ್ಟಿಯಲ್ಲೇ ಇದೆ. ಆದರೆ ಮೊದಲಿಗಿಲ್ಲ.

ಇದರ ಜೊತೆ ಇನ್ನೊಂದು ಸಂಕಟ ಇದೆ, ಅದನ್ನು ಕೇಳಿದಾಗೆಲ್ಲ ನನಗೆ ಇವರ ಮೇಲೆ ಪ್ರೀತಿ ಬರುತ್ತದೆ. ಒಬ್ಬ ಯುವಕ ಹೇಳಿದ್ದ: "ಮೊದಲು ಸಂಜೆ ಆದರೆ ಇವತ್ತು ಇಷ್ಟು ಮುಗಿಸಿದೆ ಅಂತ ಗೊತ್ತಾಗ್ತಿತ್ತು ಮೇಡಂ. ಈಗ ದಿನವಿಡೀ ಮಾತಾಡ್ತೀನಿ, ಕೇಳ್ತೀನಿ. ಏನು ಕೆಲಸ ಮಾಡಿದೆ ಅಂತ ನನಗೇ ಗೊತ್ತಾಗಲ್ಲ." ರಾತ್ರಿ ಒಂದು ಫೈಲ್ ತಿದ್ದಿದರೆ ಆ ದಿನ ಸಂಬಳಕ್ಕೆ ನ್ಯಾಯ ಮಾಡಿದೆ ಅನ್ನುವ ಸಮಾಧಾನ ಅವನಿಗೆ. ದಿನದ ಕೊನೆಗೆ ಬೇರೆ ಏನಾದರೂ ಬರೆದಿಡಲು ಅವನಿಗೆ ಹೇಳಿದೆ: ಇವತ್ತು ಯಾರು ಯಾವ ನಿರ್ಧಾರವನ್ನು ನಾನಿಲ್ಲದೆ ತೆಗೆದುಕೊಂಡರು? ಮೊದಮೊದಲು ಪುಟ ಖಾಲಿ ಇತ್ತು. ಅದೇ ಅವನಿಗೆ ಬೇಕಾಗಿದ್ದ ಮಾಹಿತಿ.

ಇನ್ನೊಬ್ಬ ಲೀಡ್ ಬಂದದ್ದು, ಅವರ ಟೀಮ್‌ನ ಹುಡುಗಿಯೊಬ್ಬಳು ಬೇರೆ ಟೀಮ್‌ಗೆ ಹಾಕಿ ಅಂತ ಕೇಳಿದ ಮೇಲೆ. ಲೀಡ್‌ಗೆ ತುಂಬ ನೋವಾಗಿತ್ತು. "ಅವಳಿಗೋಸ್ಕರ ಎಷ್ಟು ರಾತ್ರಿ ಎದ್ದಿದ್ದೇನೆ" ಅಂದರು. ಹುಡುಗಿಯನ್ನು ಕೇಳಿದರೆ, "ಮೇಡಂ ತುಂಬಾ ಒಳ್ಳೆಯವರು. ಆದರೆ ನಾನು ಮಾಡಿದ್ದು ಅಂತ ತೋರಿಸೋಕೆ ನನ್ನ ಹತ್ತಿರ ಒಂದೂ ಕೆಲಸ ಇಲ್ಲ" ಅಂದಳು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಆ ಹುಡುಗಿ ಕೊನೆಗೆ ಟೀಮ್ ಬದಲಾಯಿಸಿಯೇ ಹೋದಳು. ಲೀಡ್ ಮಾತ್ರ ಆಮೇಲೆ ಫೈಲ್‌ಗಳನ್ನು ವಾಪಸ್ ಕೊಡಲು ಕಲಿತರು.

ರಾತ್ರಿ ತಿದ್ದುವುದರಿಂದ ಇನ್ನೊಂದು ನಷ್ಟವೂ ಇದೆ: ತಪ್ಪುಗಳು ಮುಚ್ಚಿಹೋಗುತ್ತವೆ. 1990ರ ದಶಕದಲ್ಲಿ ಏಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಅಂದುಕೊಂಡಿದ್ದರು. ದಾಖಲೆಯಲ್ಲಿ ಜಾಸ್ತಿ ಕಂಡಿತು. ಆ ತಂಡಗಳಲ್ಲಿ ನರ್ಸ್‌ಗಳು ಹೆದರದೆ ತಪ್ಪನ್ನು ಹೇಳುತ್ತಿದ್ದರು, ಬೇರೆ ಕಡೆ ಬಚ್ಚಿಡುತ್ತಿದ್ದರು ಅನ್ನುವುದು ಆಮೇಲೆ ಹೊಳೆಯಿತು. ನಿಮ್ಮದು ಬೆಂಬಲ ಕೊಡುವ ಕಚೇರಿ ಆಗಿದ್ದರೆ ಅದರ ದೊಡ್ಡ ಲಾಭ ಇದೇ, ತಪ್ಪನ್ನು ಎಲ್ಲರ ಮುಂದೆ ಇಟ್ಟು ಮಾತಾಡಬಹುದು. ಸದ್ದಿಲ್ಲದೆ ತಿದ್ದಿಬಿಟ್ಟರೆ ಯಾರೂ ಆ ಮಾತು ಆಡುವುದೇ ಇಲ್ಲ. ನಿಮ್ಮ ಮ್ಯಾನೇಜರ್‌ಗೂ ಟೀಮ್‌ನ ನಿಜವಾದ ಸ್ಥಿತಿ ಗೊತ್ತಾಗುವುದಿಲ್ಲ.

ಎಲ್ಲವನ್ನೂ ವಾಪಸ್ ಕೊಡಿ ಅಂತ ಇದನ್ನು ಓದಬೇಡಿ. ಹಣ ಹೊರಗೆ ಹೋಗುವ ವಿಷಯ, ಕಾನೂನಿನ ವಿಷಯ, ಯಾರದ್ದಾದರೂ ಸುರಕ್ಷತೆ, ಇವುಗಳಲ್ಲಿ ತಪ್ಪು ಕಂಡರೆ ಆ ಕ್ಷಣವೇ ಸರಿಮಾಡಿ. ಮರುದಿನ ಆ ಫೈಲ್ ತೆರೆದು ಜೊತೆಗೆ ಕೂತು ತೋರಿಸಿ. ಟೀಮ್‌ನವರ ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಿದ್ದರೆ ಕೆಲಸ ನೀವು ತೆಗೆದುಕೊಳ್ಳಿ, ಆದರೆ "ಈ ವಾರ ಇದು ನನ್ನದು, ಸೋಮವಾರದಿಂದ ಮತ್ತೆ ನಿಮ್ಮದು" ಅಂತ ಬಾಯಿಬಿಟ್ಟು ಹೇಳಿ. ಕಚೇರಿಯ ನಿಯಮಗಳು ಬೇರೆ ಬೇರೆ ಇರುತ್ತವೆ. ಕೊನೆಯ ಪ್ರತಿಗೆ ನೀವೇ ಸಹಿ ಹಾಕಬೇಕಾದ ಕೆಲಸವಾದರೆ ಇನ್ನೂ ಹುಷಾರಾಗಿರಬೇಕು.

ಹೀಗೆ ಕೆಲಸ ವಾಪಸ್ ಕೊಡಲು ಶುರುಮಾಡುವ ಮುಂಚೆ ನಿಮ್ಮ ಮ್ಯಾನೇಜರ್ ಹತ್ತಿರ ಹೋಗಿ. ಹೊಸ ಲೀಡ್‌ಗಳು ಯಾಕೋ ಇದನ್ನು ಕೇಳಲು ನಾಚುತ್ತಾರೆ. ನನ್ನ ಮೇಲೆ ನಂಬಿಕೆ ಇಟ್ಟು ಕೊಟ್ಟಿದ್ದಾರೆ, ಈಗ ಕಷ್ಟ ಅಂತ ಹೇಳುವುದು ಹೇಗೆ ಅಂದುಕೊಳ್ಳುತ್ತಾರೆ. ದಯವಿಟ್ಟು ಕೇಳಿ. ಮುಂದಿನ ಒಂದೆರಡು ತಿಂಗಳು ಕೆಲವು ಕೆಲಸ ಮೊದಲಿನಷ್ಟು ನುಣುಪಾಗಿ ಇರುವುದಿಲ್ಲ, ಕೆಲವು ಒಂದು ದಿನ ತಡವಾಗಬಹುದು, ಯಾಕೆಂದರೆ ಟೀಮ್‌ನವರೇ ಮಾಡುತ್ತಿರುತ್ತಾರೆ ಅಂತ ಹೇಳಿ. ಯಾವ ಕೆಲಸ ತಡವಾದರೂ ನಡೆಯುತ್ತದೆ, ಯಾವುದು ಖಂಡಿತ ತಡವಾಗಬಾರದು ಅಂತ ಅವರಿಂದಲೇ ಕೇಳಿಕೊಳ್ಳಿ. ಅದೇ ದಿನ ಅದನ್ನೊಂದು ಮೇಲ್‌ನಲ್ಲಿ ಬರೆದು ಅವರಿಗೆ ಕಳಿಸಿ. ಟೀಮ್‌ಗೂ ಅದರ ಪ್ರತಿ ಹೋಗಲಿ.