ವೃತ್ತಿಶಿಕ್ಷಣ: ಒಳಗೆ ಹೋದವರಿಗೆ ಮೇಲೇರಲು ಮೆಟ್ಟಿಲಿದೆಯೇ?

ಹೈಸ್ಕೂಲಿನ ಮೇಲಿನ ತರಗತಿಗಳನ್ನು ಎರಡಾಗಿ ಒಡೆಯಲು ಬ್ರಿಟಿಷ್ ಸರ್ಕಾರ 1882ರಲ್ಲಿ ನೇಮಿಸಿದ ಹಂಟರ್ ಶಿಕ್ಷಣ ಆಯೋಗ ಆಗಲೇ ಹೇಳಿತ್ತು: ಒಂದು ವಿಶ್ವವಿದ್ಯಾಲಯದ ಕಡೆಗೆ, ಇನ್ನೊಂದು ವ್ಯಾಪಾರ, ಕಸುಬುಗಳ ಕಡೆಗೆ. ನೌಕರಿ ಸಿಗುತ್ತಿದ್ದುದು ಮೊದಲನೆಯದರಲ್ಲಿ. ಹೆತ್ತವರಿಗೆ ಆ ಲೆಕ್ಕ ಚೆನ್ನಾಗಿ ತಿಳಿದಿತ್ತು. ಎರಡನೆಯ ದಾರಿ ಖಾಲಿ ಉಳಿಯಿತು.

1937ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ಮುಂದಿಟ್ಟ ನಯೀ ತಾಲೀಮ್‌ನಲ್ಲಿ ಈ ಕವಲೇ ಇರಲಿಲ್ಲ. ನೂಲುವುದರಂಥ ಕಸುಬಿನ ಮೂಲಕವೇ ಎಲ್ಲ ಮಕ್ಕಳೂ ಲೆಕ್ಕ, ಭಾಷೆ ಕಲಿಯಬೇಕಿತ್ತು. 1953ರಲ್ಲಿ ಮದ್ರಾಸ್ ರಾಜ್ಯದ ರಾಜಾಜಿ ಸರ್ಕಾರ ತಂದ ಯೋಜನೆ ಬೇರೆಯೇ. ಕಟ್ಟಡ, ಶಿಕ್ಷಕರು ಸಾಲದೆಂದು ಹಳ್ಳಿಯ ಪ್ರಾಥಮಿಕ ಶಾಲೆಗಳಲ್ಲಿ ಪಾಠ ದಿನಕ್ಕೆ 3 ಗಂಟೆಗೆ ಇಳಿಯಿತು. ಉಳಿದ ಹೊತ್ತು ಮಗು ಮನೆಯವರ ಕೆಲಸ ಕಲಿಯಬೇಕು. ಜಾತಿಯೇ ಕಸುಬನ್ನು ಗೊತ್ತುಮಾಡುವ ಊರಿನಲ್ಲಿ ಅದರ ಅರ್ಥ, ಚಪ್ಪಲಿ ಹೊಲಿಯುವವರ ಮಗ ಚಪ್ಪಲಿಯನ್ನೇ ಹೊಲಿಯಲಿ ಎಂದು. ವಿರೋಧಿಗಳು ಅದನ್ನು ‘ಕುಲಕಲ್ವಿ’ (ಕುಲಕಸುಬಿನ ಶಿಕ್ಷಣ) ಎಂದು ಕರೆದದ್ದು ಸರಿಯಾಗಿಯೇ ಇತ್ತು. 1954ರಲ್ಲಿ ಕಾಮರಾಜರು ಮುಖ್ಯಮಂತ್ರಿಯಾದ ಮೇಲೆ ಅದು ರದ್ದಾಯಿತು.

1995ರ ಹೊತ್ತಿಗೆ ಹೈಯರ್ ಸೆಕೆಂಡರಿಯ ಶೇ 25ರಷ್ಟು ಮಕ್ಕಳು ವೃತ್ತಿಶಿಕ್ಷಣಕ್ಕೆ ಬರಬೇಕೆಂದು 1986ರ ರಾಷ್ಟ್ರೀಯ ಶಿಕ್ಷಣ ನೀತಿ ಗುರಿಯಿಟ್ಟಿತು. ಗುರಿ ಮುಟ್ಟಲಿಲ್ಲ. 19ರಿಂದ 24 ವಯಸ್ಸಿನ ದುಡಿಯುವವರಲ್ಲಿ ಕ್ರಮಬದ್ಧ ವೃತ್ತಿಶಿಕ್ಷಣ ಪಡೆದವರು ಶೇ 5ಕ್ಕಿಂತ ಕಡಿಮೆ ಎಂಬ 12ನೇ ಪಂಚವಾರ್ಷಿಕ ಯೋಜನೆಯ ಅಂದಾಜನ್ನು 2020ರ ನೀತಿಯೇ ಎತ್ತಿ ಹೇಳುತ್ತದೆ. ಜರ್ಮನಿಯಲ್ಲಿ ಅದು ಶೇ 75.

ಕೈಕೆಲಸಕ್ಕೆ ತಲೆ ಬೇಡ ಎನ್ನುವವರು ಐಟಿಐ ಫಿಟ್ಟರ್ ಟ್ರೇಡಿನ ಸೈನ್ ಬಾರ್ ನೋಡಬೇಕು: ಎರಡೂ ತುದಿಗೆ ರೋಲರ್ ಇರುವ, ಕೋನ ಹೊಂದಿಸುವ ಉಕ್ಕಿನ ಪಟ್ಟಿ. 200 ಮಿ.ಮೀ. ಬಾರನ್ನು 30 ಡಿಗ್ರಿಗೆ ನಿಲ್ಲಿಸಲು ಒಂದು ರೋಲರಿನ ಕೆಳಗೆ ಎಷ್ಟು ಎತ್ತರದ ಸ್ಲಿಪ್ ಗೇಜ್ (ನಿಖರ ದಪ್ಪದ ಉಕ್ಕಿನ ಬಿಲ್ಲೆಗಳು) ಇಡಬೇಕು? ಸೈನ್ 30 ಅಂದರೆ 0.5, ಆದ್ದರಿಂದ 200ರ ಅರ್ಧ, 100 ಮಿ.ಮೀ. ಎತ್ತರ. ಗೇಜುಗಳ ನಡುವೆ ಧೂಳು ಸೇರಿದರೂ ಕೋನ ತಪ್ಪುತ್ತದೆ. ಇದು ಅಪ್ಪಟ ತ್ರಿಕೋನಮಿತಿ. ಆದರೂ ಇದನ್ನು ಬಲ್ಲ ಹುಡುಗನನ್ನು ‘ಓದು ಹತ್ತದವನು’ ಎಂದೇ ಎಣಿಸುತ್ತಾರೆ.

ಎಸ್ಸೆಸ್ಸೆಲ್ಸಿ ಮುಗಿಸಿ 2 ವರ್ಷದ ಐಟಿಐ ಪಾಸಾದವರು ಲ್ಯಾಟರಲ್ ಎಂಟ್ರಿಯಲ್ಲಿ ಡಿಪ್ಲೊಮಾದ 2ನೇ ವರ್ಷಕ್ಕೆ, ಡಿಪ್ಲೊಮಾ ಆದವರು ಬಿಇ 2ನೇ ವರ್ಷಕ್ಕೆ ಸೇರಬಹುದು. ಮೆಟ್ಟಿಲೇನೋ ಇದೆ. ಎಡವುವುದು ಗಣಿತದಲ್ಲಿ: ಮೊದಲ ವರ್ಷದ ಪಾಠ ಇವರಿಗೆ ಆಗಿರುವುದಿಲ್ಲ, ಆದರೆ ಅದು ಆಗಿದೆ ಎಂದುಕೊಂಡೇ ತರಗತಿ ಮುಂದೆ ಓಡುತ್ತದೆ. ಟ್ಯೂಷನ್‌ಗೆ ದುಡ್ಡಿದ್ದವರು ಆ ಅಂತರ ದಾಟುತ್ತಾರೆ. ಇಲ್ಲದವರಿಗೆ ಸೆಮಿಸ್ಟರ್ ಶುರುವಾಗುವ ಮೊದಲೇ ಉಚಿತ ಸೇತುಬಂಧ ತರಗತಿ ಬೇಕು, ಅದೂ ಪ್ರತಿ ಪಾಲಿಟೆಕ್ನಿಕ್‌ನಲ್ಲಿ.