ಕವಳ ಹಾಕಿದರೆ ದವಡೆ ನೋವು

ಹೊಸನಗರ ಕಡೆಯ ಅಜ್ಜಿಯೊಬ್ಬರನ್ನು ಮಗ ಶಿವಮೊಗ್ಗಕ್ಕೆ ಕರೆತಂದಿದ್ದರು. (ವಿವರ ಸ್ವಲ್ಪ ಬದಲಿಸಿದ್ದೇನೆ.) ವಯಸ್ಸು 70 ದಾಟಿತ್ತು. "ಬೆಳಗ್ಗೆ ಎದ್ದಾಗಿಂದ ಎಡಗಣ್ಣು ಕಾಣ್ತಿಲ್ಲ ಡಾಕ್ಟ್ರೇ, ಪೊರೆ ಇರ್ಬೇಕು" ಎಂದರು ಮಗ.

ಪೊರೆ ಹೀಗೆ ರಾತ್ರೋರಾತ್ರಿ ಕಣ್ಣು ಕಟ್ಟುವುದಿಲ್ಲ. ಹನಿ ಹಾಕಿ ಒಳಗೆ ನೋಡಿದೆ. ಕಣ್ಣಿನ ನರದ ಬುಡ ಊದಿಕೊಂಡು ಸುಣ್ಣದ ಹಾಗೆ ಬಿಳಚಿತ್ತು.

"ತಲೆನೋವು ಇತ್ತಾ ಅಮ್ಮಾ?"

"ಒಂದು ತಿಂಗಳಾಯ್ತು. ತಲೆ ಬಾಚಕ್ಕೂ ಆಗಲ್ಲ."

"ಎಲೆಯಡಿಕೆ ಕವಳ ಹಾಕ್ತೀರಾ?"

"ಬಿಟ್ಟೇಬಿಟ್ಟೆ. ನಾಲ್ಕು ಸಲ ಅಗಿಯೋದ್ರಲ್ಲಿ ದವಡೆ ಸೋತುಹೋಗುತ್ತೆ. ಸುಮ್ನಿದ್ರೆ ಸರಿಯಾಗುತ್ತೆ."

ಹಲ್ಲಿನ ದೋಷ ಅಂತ ಒಂದು ಹಲ್ಲನ್ನೂ ಕೀಳಿಸಿಕೊಂಡಿದ್ದರು. ಅಡಿಕೆ ಜಾಸ್ತಿ ತಿನ್ನುವವರಿಗೆ ಬಾಯಿ ತೆರೆಯಲಾಗದ ಕಾಯಿಲೆ ಬರುವುದುಂಟು, ಅದು ಬೇರೆ. ಇಲ್ಲಿ ಅಗಿದರೆ ನೋವು, ನಿಲ್ಲಿಸಿದರೆ ಇಲ್ಲ. ದವಡೆಯ ಸ್ನಾಯುವಿಗೆ ರಕ್ತ ಸಾಲುತ್ತಿಲ್ಲ ಎಂದರ್ಥ. ಕಿವಿಯ ಮುಂದೆ, ಹಣೆಯ ಪಕ್ಕ ಬೆರಳಿಟ್ಟೆ. ರಕ್ತನಾಳ ಹುರಿಹಗ್ಗದಂತೆ ಗಟ್ಟಿಯಾಗಿತ್ತು. ಮಿಡಿತವೇ ಇಲ್ಲ.

ಇದರ ಹೆಸರು ಜೈಂಟ್ ಸೆಲ್ ಆರ್ಟರೈಟಿಸ್. ನಮ್ಮಲ್ಲಿ ಅಪರೂಪ, ಉತ್ತರ ಯುರೋಪಿನವರಲ್ಲಿ ಹೆಚ್ಚು. 50 ದಾಟಿದವರಿಗೇ ಬರುವುದು. ವಿವರಿಸುವಾಗ ನನಗೊಂದು ಪೇಚಾಟ: ನಾವು ರಕ್ತನಾಳಕ್ಕೂ ನರ ಅಂತೀವಿ, ನರಕ್ಕೂ ನರ ಅಂತೀವಿ, ಅಲ್ವಾ? ಇಲ್ಲಿ ಮೊದಲು ಊದುವುದು ರಕ್ತನಾಳದ ಗೋಡೆ. ಒಳದಾರಿ ಕಿರಿದಾಗುತ್ತದೆ. ಕಣ್ಣಿನ ನರದ ಬುಡಕ್ಕೆ ರಕ್ತ ಕೊಡುವ ಸಣ್ಣ ನಾಳಗಳು ಕಟ್ಟಿಕೊಂಡರೆ ಆ ನರ ಸಾಯುತ್ತದೆ. ಸತ್ತ ನರ ಮತ್ತೆ ಚಿಗುರುವುದಿಲ್ಲ.

ಹಾಗಾದರೆ ಅವಸರ ಯಾಕೆ? ಬಲಗಣ್ಣಿಗಾಗಿ. ಚಿಕಿತ್ಸೆ ಇಲ್ಲದಿದ್ದರೆ ಕೆಲವೇ ದಿನ ಅಥವಾ ವಾರಗಳಲ್ಲಿ ಅದೂ ಹೋಗಬಹುದು. ಮೈಯೊಳಗಿನ ಉರಿಯೂತ ಎಷ್ಟಿದೆ ಎಂದು ತಿಳಿಸುವ ಇಎಸ್‌ಆರ್, ಸಿಆರ್‌ಪಿ ಪರೀಕ್ಷೆಗಳಿಗೆ ರಕ್ತ ತೆಗೆದು, ವರದಿ ಬರುವ ಮೊದಲೇ ಸ್ಟೀರಾಯ್ಡ್ ಡ್ರಿಪ್ ಹಾಕಿಸಿದೆ. ಮೂರು ದಿನ, ದಿನಕ್ಕೆ 1 ಗ್ರಾಂ. ಹಣೆಪಕ್ಕದ ನಾಳದ ಚೂರನ್ನು ಬಯಾಪ್ಸಿಗೆ ಆಮೇಲೆ ಕಳಿಸಿದರೂ ನಡೆಯುತ್ತದೆ. ಒಂದೆರಡು ವಾರ ಕಾಯಿಲೆಯ ಗುರುತು ಅಲ್ಲೇ ಇರುತ್ತದೆ.

ನಂತರ ಮಾತ್ರೆ. ಪ್ರಮಾಣ ಇಳಿಸುತ್ತ ಇಳಿಸುತ್ತ ವರ್ಷವೋ ಎರಡೋ ಆಗುತ್ತದೆ. ಅಜ್ಜಿಗೆ ಸಕ್ಕರೆ ಏರಿತು, ಮುಖ ಊದಿತು. ಸ್ಟೀರಾಯ್ಡ್ ಒಳ್ಳೇದಲ್ಲ ಎಂದು ನೆಂಟರೊಬ್ಬರು ಹೇಳಿದ್ದೇ ತಡ, ಎರಡನೇ ತಿಂಗಳಲ್ಲಿ ಮಾತ್ರೆ ನಿಂತಿತು. ಹತ್ತನೇ ದಿನಕ್ಕೆ ದವಡೆ ಮತ್ತೆ ಸೋಲತೊಡಗಿತು. ಈ ಸಲ ಅಜ್ಜಿ ಪೊರೆ ಅನ್ನಲಿಲ್ಲ, ಹಲ್ಲು ಅನ್ನಲಿಲ್ಲ. ಬೆಳಗಿನ ಮೊದಲ ಬಸ್ಸಿಗೇ ಬಂದು ಕೂತಿದ್ದರು.